ನಿದ್ದೆ ಮಾಡದ ಚಿಪ್

"ಮಾತಾಡುವಾಗ ಈ ಚಿಪ್ ಎಷ್ಟು ಬ್ಯಾಟರಿ ತಿನ್ನುತ್ತೆ ಅಂತ ಹೇಳಿದ್ರಿ. ಸುಮ್ನೆ ಕೂತಾಗ ಎಷ್ಟು ತಿನ್ನುತ್ತೆ?"

ಅಮೆರಿಕದ ಬಾಯ್ಸಿ ಊರಿನ ರೇಡಿಯೋ ಕಂಪನಿಗೆ ಅಂದೇ ಸೇರಿದ್ದ ವೆಂಡೆಲ್ ತುಂಬಿದ ಸಭೆಯಲ್ಲಿ ಹೀಗೆ ಕೇಳಿದಾಗ ಲೊರೇನ್‌ಳ ಕಿವಿ ಬಿಸಿಯಾಯಿತು.

ಕಾಡ್ಗಿಚ್ಚು ನಂದಿಸುವವರ ಕೈ ರೇಡಿಯೋಗೆ ಚಿಪ್ ಆರಿಸಿದವಳು ಅವಳು. ಆ ಒಂದು ಅಂಕಿ ಮಾತ್ರ ನೋಡಿರಲಿಲ್ಲ. ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ನಮ್ಮ ಲೊರೇನ್!

"ಸುಮ್ನೆ ಕೂರೋದು ನಿಮ್ಗೇ ಚೆನ್ನಾಗಿ ಗೊತ್ತಿರ್ಬೇಕಲ್ವಾ?"

ಎಲ್ಲರೂ ನಕ್ಕರು. ಮೊದಲಿದ್ದ ಕಾರ್ಖಾನೆ ಮುಚ್ಚಿ ಬಹುಕಾಲ ಕೆಲಸವಿಲ್ಲದೆ ಮನೆಯಲ್ಲಿದ್ದೆ ಎಂದು ಅವನೇ ಆಗಷ್ಟೇ ಪರಿಚಯ ಹೇಳಿಕೊಂಡಿದ್ದ. ವೆಂಡೆಲ್ ತಲೆ ತಗ್ಗಿಸಿದ.

ಛೇ, ಏನಂದುಬಿಟ್ಟೆ... ಆದರೆ ಕ್ಷಮೆ ಕೇಳಲು ನಾಲಿಗೆ ಏಳಲಿಲ್ಲ.

ಅವನು ಆಮೇಲೆ ಅದನ್ನು ಎತ್ತಿ ಆಡಲೇ ಇಲ್ಲ. ಬೆಳಿಗ್ಗೆ ಅವಳ ಮೇಜಿಗೂ ಕಾಫಿ ತಂದಿಡುತ್ತಿದ್ದ. ಅವನು ಇಷ್ಟವಾದಷ್ಟೂ ಅವಳ ನಾಚಿಕೆ ಹೆಚ್ಚಾಯಿತು.

ಬೇಸಿಗೆಯಲ್ಲಿ ಪರೀಕ್ಷೆಗೆಂದು ವೆಂಡೆಲ್ ರೇಡಿಯೋ ಹಿಡಿದು ಬೆಂಕಿ ದಳದ ಜೊತೆ ಗುಡ್ಡ ಹತ್ತಿದ. ಅಲ್ಲಿ ರೇಡಿಯೋ ಮಾತಾಡುವುದು ಚೂರು, ಕಿವಿಗೊಟ್ಟು ಕಾಯುವುದೇ ದಿನವೆಲ್ಲ. ಕಾಯುವಾಗಲೂ ಲೊರೇನ್‌ಳ ಚಿಪ್ ಬ್ಯಾಟರಿ ತಿನ್ನುತ್ತಲೇ ಇತ್ತು. ಮಧ್ಯಾಹ್ನಕ್ಕೆ ರೇಡಿಯೋ ಸತ್ತಿತು. ಗಾಳಿ ತಿರುಗಿದೆ, ಇಳಿಯಿರಿ ಎಂದು ರೇಡಿಯೋದಲ್ಲಿ ಬಂದ ಕೂಗು, ದಳದಿಂದ ದೂರ ಒಬ್ಬನೇ ನಿಂತಿದ್ದ ಅವನಿಗೆ ಕೇಳಿಸಲೇ ಇಲ್ಲ. ಹೊಗೆಯಲ್ಲಿ ತಡವರಿಸುತ್ತ ಇಳಿದು ಬರುವಷ್ಟರಲ್ಲಿ ಕಾಲು ಉಳುಕಿತ್ತು.

ಮರುದಿನದ ಸಭೆಯಲ್ಲಿ ಮುಖ್ಯಸ್ಥ ಹೋಲ್ಡನ್ ಕೇಳಿದ, "ಏನಾಯ್ತಪ್ಪಾ?"

"ಚಾರ್ಜ್ ಹಾಕೋದು ಮರ್ತೆ. ತಪ್ಪು ನಂದೇ," ಎಂದ ವೆಂಡೆಲ್.

"ಇಂಥ ಮರೆಗುಳೀನ ಇಟ್ಕೊಂಡು ನಾನೇನ್ ಮಾಡ್ಲಿ?"

ರೇಡಿಯೋ ಪೂರ್ತಿ ಚಾರ್ಜ್ ಮಾಡಿ ಅವನ ಕೈಗೆ ಕೊಟ್ಟವಳು ಲೊರೇನೇ. ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತದೆ... ಅವನ ಕೆಲಸ ಹೋಗುತ್ತದೆ.

ಅವಳು ಎದ್ದು ನಿಂತಳು. "ಅವ್ರು ಸುಳ್ಳು ಹೇಳ್ತಿದಾರೆ. ಆ ಚಿಪ್‌ದೇ ತಪ್ಪು, ಆರಿಸಿದ್ದು ನಾನು. ಮೊದಲ ದಿನವೇ ಕೇಳಿದ್ರು. ಉತ್ತರ ಗೊತ್ತಿರ್ಲಿಲ್ಲ, ಅದಕ್ಕೇ ಅವ್ರನ್ನ ಹಂಗಿಸ್ದೆ."

ಈ ಸಲ ಯಾರೂ ನಗಲಿಲ್ಲ. ಆ ಚಿಪ್‌ನ ಆರ್ಡರ್ ನಿಲ್ಲಿಸಿ, ಬೇರೆಯದನ್ನು ಇಬ್ಬರೂ ಸೇರಿ ಹುಡುಕಿ ಎಂದು ಹೋಲ್ಡನ್ ಹೊರಟುಹೋದ. ಕೋಣೆ ಖಾಲಿಯಾಯಿತು.

"ಯಾಕೆ ಸುಳ್ಳು ಹೇಳಿದ್ರಿ?" ಲೊರೇನ್ ಕೇಳಿದಳು.

"ಚಿಪ್ ಬದಲಿಸಿ ಅಂತ ನಿಮ್ಗೊಬ್ರಿಗೇ ಹೇಳೋಣ ಅಂತಿದ್ದೆ. ಎಲ್ರ ಮುಂದೆ ತಲೆ ತಗ್ಗಿಸೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತು."

ಅವಳ ಕಣ್ಣು ತುಂಬಿತು. "ನಿಮ್ಮನ್ನ ಪ್ರೀತಿಸ್ತೀನಿ, ವೆಂಡೆಲ್. ಆದ್ರೆ ನಿಮ್ಮ ಮುಖ ನೋಡೋಕೇ ನಾಚಿಕೆಯಾಗ್ತಿದೆ."

ಅವನು ಪಕ್ಕದ ಕುರ್ಚಿ ಎಳೆದ.

"ಹಾಗಾದ್ರೆ ಇಲ್ಲಿ ಕೂತ್ಕೊಳ್ಳಿ. ಪಕ್ಕದಲ್ಲಿದ್ರೆ ಮುಖ ನೋಡ್ಬೇಕಾಗಿಲ್ಲ."