ಗೇಟು ಹಾಕುವ ಹೊತ್ತು

ಗುಡೇಕೋಟೆ ಹತ್ತಿರದ ಸರ್ಕಾರಿ ಕಾಡಿನಲ್ಲಿ ನಾನು ವಾಚರ್. ಸಂಜೆ ಗೇಟು ಹಾಕುವ ಮುನ್ನ, ಕರಡಿ ನೋಡಲು ಬಂದವರು ಒಳಗೆ ಉಳಿದಿದ್ದರೆ ಹೊರಬರಲೆಂದು ಕೂಗುತ್ತೇವೆ. ಅಂದು ಎಲ್ಲರೂ ಹೋದ ಮೇಲೂ ಬಂಡೆಯ ಕಡೆಯಿಂದ ಹೆಣ್ಣುದನಿ ಬಂತು: “ತಡೀರಿ ಅಣ್ಣಾ, ಕೂಸು ಐತಿ.”

ಅದು ಕರಡಿ ಇಳಿಯುವ ಹೊತ್ತು. ಜೊತೆಗಾರ ಭೀಮರಾಜ ತಾಯಿ-ಕೂಸನ್ನು ಕರೆತರಲು ಓಡಿದ. ಮುಂದಿನ ಪೊದೆಗಳಿಗೆ ಕೋಲು ಬಡಿಯುತ್ತ ಒಬ್ಬನೇ ಮರಳಿದ.

“ಎಲ್ಲದಾರ ಲೇ?”

“ನನ್ನ ಹಿಂದ ಅದಾರಲ್ಲೋ. ಕೂಸು ಬಿಕ್ಕಳಿಸಾಕತ್ತೈತಿ, ನಿನಗ ಕೇಳಂಗಿಲ್ಲೇನು?”

ನನಗೂ ಕೇಳುತ್ತಿತ್ತು. ದಾರಿ ಖಾಲಿ ಇತ್ತು.

ಬೆಳಗಿನವರೆಗೆ ಹುಡುಕಿದೆವು. ಸುತ್ತಲಿನ ಊರುಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ದನಿ ಈಗಲೂ ಬರುತ್ತದೆ. ಕತ್ತಲಾಗುವ ತನಕ ಕಾಯುತ್ತೇನೆ. ಆಮೇಲೆ, ಒಳಗೆ ಕೂಸಿರುವ ಕಾಡಿಗೆ ಬೀಗ ಹಾಕಿ ಮನೆಗೆ ಹೋಗುತ್ತೇನೆ.