ಹೊತ್ತವರ ಗುರುತು

“ಈ ಕೊಡ ಯಾರದರೀ?”

ಕೆಳಗಿನ ಓಣಿಯ ಬಾಯಲ್ಲಿ ನಿಂತು ಅಪರಿಚಿತನೊಬ್ಬ ಕೇಳಿದ. ಅವನ ಪ್ಯಾಂಟು ಮೊಣಕಾಲ ತನಕ ತೊಯ್ದಿತ್ತು. ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಕೊಡ. ಮುಖದಲ್ಲಿ, ಕಳೆದ ವಸ್ತುವನ್ನು ಮರಳಿಸಲು ಬಂದವನ ಸಣ್ಣ ನಗು.

ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಕೋಮಲ ತಲೆ ಎತ್ತಿದಳು. ಕೊಡದ ಕೊರಳಲ್ಲಿ, ಬಿರುಕು ಬಿಟ್ಟಾಗ ಅವ್ವ ಕಾಯಿಸಿದ ಸೌಟಿನಿಂದ ಬೆಸೆದ ಕಲೆ ಇತ್ತು.

“ನಮ್ಮವ್ವಂದು,” ಎಂದಳು. ಆಮೇಲೆ ಕೇಳಿದಳು, “ಅವ್ವ ಎಲ್ಲಿ?”

ಅವನ ನಗು ಅಲ್ಲೇ ಸತ್ತಿತು.

ಅವನು ಸಿಂದಗಿಯ ಪೇಂಟರ್ ಪರಶು. ಕಾಲುವೆಯ ದಂಡೆಯಲ್ಲಿ ಎಚ್ಚರಿಕೆಯ ಫಲಕ ಬರೆಯುತ್ತಿದ್ದಾಗ ತೇಲಿ ಬಂದ ಕೊಡವನ್ನು ಹಿಡಿದಿದ್ದ. ಯಾರದೋ ಕೈ ಜಾರಿದೆ ಎಂದುಕೊಂಡಿದ್ದನೇ ಹೊರತು, ಮತ್ತೇನನ್ನೂ ಊಹಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೋಮಲಳ ಅವ್ವ ಗುಂಡವ್ವನ ಹೆಣ ಕಾಲುವೆಯ ಗೇಟಿನ ಬಳಿ ಸಿಕ್ಕಿತು.

ಹೂವಿನ ಹಿಪ್ಪರಗಿಯ ಆಚೆಗಿನ ಆ ಹಳ್ಳಿಯಲ್ಲಿ ನೀರಿನ ಟಾಕಿಯ ನಳ ಊರಬಾಗಿಲಾದ ಅಗಸಿಯ ತನಕ ಬಂದು ನಿಂತಿತ್ತು. ಕೆಳಗಿನ ಓಣಿಗೆ ಇಳಿದಿರಲಿಲ್ಲ. ಅಗಸಿಯ ನಳಕ್ಕೆ ಕೊಡ ಹಚ್ಚಿದರೆ ಮೇಲಿನ ಜಾತಿಯವರ ಮಾತು ಕೇಳಬೇಕು. ಹಾಗಾಗಿ ಓಣಿಯ ಹೆಂಗಸರಿಗೆ ಕಾಲುವೆಯೇ ಗತಿ.

ಕೋಮಲಳಿಗೆ ಅಳು ಬರಲಿಲ್ಲ. ಬೀಸಿದಳು, ಬಳಿದಳು. ತಟ್ಟೆಯಲ್ಲಿ ಇಟ್ಟಿದ್ದನ್ನು ತಿಂದಳು. ರುಚಿ ಮಾತ್ರ ತಿಳಿಯಲಿಲ್ಲ. ಅಪ್ಪ ಗುರಪ್ಪ ಅತ್ತಾಗಲೂ ಅವಳು ಗೋಡೆಯನ್ನೇ ನೋಡುತ್ತಿದ್ದಳು.

ತಿಂಗಳು ಕಳೆಯುವಷ್ಟರಲ್ಲಿ ನಳ ಬೇಕೆಂದು ಓಣಿ ಎದ್ದು ನಿಂತಿತು. ನಿವೃತ್ತ ಶಿಕ್ಷಕ ಚಂದಪ್ಪ ಮಾಸ್ತರರು ಮುಂದಾದರು. ಬಸವನ ಬಾಗೇವಾಡಿಯ ತಾಲೂಕು ಕಚೇರಿಗೆ ನಡೆದು ಹೋಗುವುದು ಎಂದಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಇಂಥವೇ ಓಣಿಗಳ ಹೆಂಗಸರೂ ಬರುವವರಿದ್ದರು. ಅವರಲ್ಲಿ ಬಹಳ ಜನರಿಗೆ ಓದು ಬಾರದು. ಕಂಡ ಕೂಡಲೇ ‘ಇವರು ನಮ್ಮವರು’ ಎಂದು ತಿಳಿಯುವ ಒಂದು ಗುರುತು ಬೇಕಿತ್ತು.

ಕೊಡವೇ ಇರಲಿ ಎಂದರು ಮಾಸ್ತರರು. ಸಭೆ ಒಪ್ಪಿತು. ಆದರೆ ಗುಂಡವ್ವನ ಮಗಳು ಹೂಂ ಅನ್ನದೆ ಆ ಗುರುತು ಬರೆದ ಬಟ್ಟೆ ಓಣಿಯಿಂದ ಹೊರಗೆ ಹೋಗದು ಎಂದೂ ಅವರು ಹೇಳಿದರು. ಬರೆಯಲು ಪರಶು ತಾನಾಗಿಯೇ ಬಂದಿದ್ದ, ಕೂಲಿ ಬೇಡವೆಂದಿದ್ದ.

ಕೋಮಲ ಹೂಂ ಅನ್ನದೆ ಮನೆಗೆ ನಡೆದಳು. ‘ಆ ಕೊಡವನ್ನು ತಂದವನೂ ಅವನೇ... ಈಗ ಅದನ್ನು ಊರೂರಿನ ಕಣ್ಣೆದುರು ತೂಗುಹಾಕಲು ಮಾಸ್ತರರಿಗೆ ಹೇಳಿಕೊಟ್ಟವನೂ ಅವನೇ ಇರಬೇಕು!’

ಮೂರನೆಯ ದಿನ ಓಣಿಯ ಬುದ್ಧವಿಹಾರದ ಅಂಗಳದಲ್ಲಿ ಪರಶು ಬಟ್ಟೆ ಹರವಿದ್ದ. ಕೊಡ ಹೊತ್ತ ಹೆಂಗಸಿನ ಚಿತ್ರ. ಕೋಮಲ ದೂರ ನಿಂತು ನೋಡಿದಳು. ಓಣಿಯ ಹಿರಿಯಳಾದ ಅಬಿದಾ ಹತ್ತಿರ ಹೋಗಿ ಬಗ್ಗಿದಳು.

“ಏ ಪೇಂಟರಾ, ಸಿಂಬಿ ಎಲ್ಲೋ? ಬರೀ ತಲಿ ಮ್ಯಾಲ ಯಾವಾಕಿ ಕೊಡಾ ಹೊರ್ತಾಳ? ನಿಮ್ಮವ್ವನ್ನ ಒಮ್ಮೆನೂ ನೋಡಿಲ್ಲೇನು?”

ಹೆಂಗಸರು ನಕ್ಕರು. ಪರಶು ಕುಂಚ ಕೆಳಗಿಟ್ಟು ಚಿತ್ರದ ಮೇಲೆ ಬಗ್ಗಿದ. ಪೇಟೆಯಲ್ಲಿ ಬೆಳೆದವನು, ಕೊಡದ ಕೆಳಗೆ ಬಟ್ಟೆಯ ಸುರುಳಿಯೊಂದಿರುತ್ತದೆ ಎಂಬುದು ಅವನ ಕಣ್ಣಿಗೆ ಎಂದೂ ಬಿದ್ದಿರಲಿಲ್ಲ.

ಕೋಮಲ ನಗಲಿಲ್ಲ. ನಡೆದು ಬಂದು, ಉಳಿದ ಬಟ್ಟೆಯ ತುಂಡನ್ನು ಹೊಸೆದು ಸುತ್ತಿದಳು. ಅದನ್ನು ಅವನ ನೆತ್ತಿಯ ಮೇಲಿಟ್ಟು, ಅಬಿದಾಳ ತುಂಬಿದ ಕೊಡವನ್ನು ಎತ್ತಿ ಅದರ ಮೇಲಿರಿಸಿದಳು. ಭಾರಕ್ಕೆ ಅವನ ಕತ್ತು ವಾಲಿತು.

“ಕಡೀ ಸಲ ಅವ್ವಗ ನೀರ ಎರಿಯೂ ಮುಂದ ನೋಡಿದ್ನಿ,” ಎಂದಳು. ಎಷ್ಟೋ ದಿನಗಳ ಮೇಲೆ ಇಷ್ಟು ಮಾತು. “ನೆತ್ತಿ ಮ್ಯಾಲ ದುಂಡಕ ಕೂದಲ ಇರ್ಲಿಲ್ಲ. ಸಿಂಬಿ ತಿಂದಿತ್ತು... ಕೊಡ ಮ್ಯಾಲಿನವರ ಮನ್ಯಾಗೂ ಐತಿ. ಸಿಂಬಿ ಹೊತ್ತಾಕಿ ತಲಿ ಮ್ಯಾಲಷ್ಟ ಇರತೈತಿ. ಅದನ್ನ ಬರೀರಿ.”

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

ಪರಶು ಮೆಲ್ಲಗೆ ಕೊಡ ಇಳಿಸಿದ. ಕುಂಚ ಮುಟ್ಟಲಿಲ್ಲ. ಸಿಂಬಿಯನ್ನೇ ನೀಲಿ ಬಣ್ಣದಲ್ಲಿ ಅದ್ದಿ, ಇನ್ನೊಂದು ಬಿಳಿಯ ಬಟ್ಟೆಯ ಮೇಲೆ ಒತ್ತಿ ಎತ್ತಿದ. ಹೊಸೆತದ ಗೆರೆಗಳ ಸಮೇತ ಒಂದು ಬಳೆ ಮೂಡಿತು. ಆಮೇಲೆ ಪ್ರತಿ ಹೆಂಗಸೂ ತನ್ನ ಮನೆಯ ಸಿಂಬಿ ತಂದು ಒತ್ತಿದಳು. ಒಂದರಂತೆ ಇನ್ನೊಂದು ಇರಲಿಲ್ಲ.

ಸೋಮವಾರ ಬಾಗೇವಾಡಿಯ ರಸ್ತೆಯಲ್ಲಿ ಆ ನೀಲಿ ಬಳೆಗಳು ಗಾಳಿಗೆ ಆಡಿದವು. ಕಚೇರಿಯಲ್ಲಿ ಮನವಿ ತೆಗೆದುಕೊಂಡರು. ನಳದ ಅಳತೆಗೆ ಜನರನ್ನು ಕಳಿಸುತ್ತೇವೆ ಎಂದರು. ಕಳಿಸುವರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಸಿಂದಗಿಯ ಬಸ್ಸು ನಿಂತಿತ್ತು. ಪರಶು ಬಣ್ಣದ ಚೀಲ ಹೆಗಲಿಗೇರಿಸಿದ.

“ಇನ್ನ ಬರೂದಿಲ್ರಿ,” ಎಂದ. “ಈ ಮಾರಿ ನೋಡಿದ್ರ ನಿಮಗ ಆ ದಿನಾನ ನೆನಪಾಗತೈತಿ. ಗುರುತಿಗೆ ಕೊಡ ಬ್ಯಾಡಂತ ಮಾಸ್ತರಗ ಹೇಳಾಕ ಹೋಗಿದ್ನಿ. ತಂದು ಕೊಟ್ಟಾವನ ಬಾಯಾಗ ಆ ಮಾತು ಹೊರಡಲಿಲ್ಲ. ನಿಮ್ಮ ಮ್ಯಾಲ ಜೀವ ಐತಿ... ಅದಕ್ಕ ಹೊಂಟೇನಿ.”

ಹಾಗಾದರೆ ಆ ಗುರುತು ಹೇಳಿದವನು ಇವನಲ್ಲ. ಕೋಮಲ ಅವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು.

“ನೀವು ತರದಿದ್ರ ಅವ್ವನ ಹಾದಿ ಇನ್ನೂ ಕಾಯ್ತಿದ್ನಿ,” ಎಂದಳು. “ನಿಮ್ಮ ಮಾರಿ ನೋಡಿದ್ರ ನೆನಪಾಗತೈತಿ, ಖರೇ. ನೋಡದಿದ್ರೂ ಆಗತೈತಿ. ನಾ ಒಬ್ಬಾಕೀನ ಕುಂತು ನೆನಸೂದು ಭಾಳ ಭಾರ.”

ಬಸ್ಸು ಹೊರಟಿತು. ಅವನು ಹತ್ತಲಿಲ್ಲ.

“ನನಗ ಹಸಿವ್ಯಾಗೇತಿ,” ಎಂದಳು ಕೋಮಲ, ತನಗೇ ಆಶ್ಚರ್ಯವಾಗಿ. “ಮನಿಗೆ ಬರ್ರಿ. ರೊಟ್ಟಿ ಬಡಿತೇನಿ.”

“ನಿಮ್ಮಪ್ಪ ಏನಂತಾರ?”

“ಉಣ್ಣು ಅಂತಾರ.”

ಅಂದು ಸಂಜೆ ಬುದ್ಧನ ಪಟದ ಮುಂದೆ ಗುರಪ್ಪ ಮೇಣದಬತ್ತಿ ಹಚ್ಚಿದ. ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ಪರಶು. ಮೂವರೂ ಕೈ ಮುಗಿದು ‘ಬುದ್ಧಂ ಶರಣಂ’ ಎಂದು ತ್ರಿಶರಣ ಹೇಳಿದರು. ಕೊನೆಯಲ್ಲಿ ಕೋಮಲ ಕಣ್ಣು ಮುಚ್ಚಿ, ತುಟಿಯಷ್ಟೇ ಅಲುಗುವಂತೆ ಬೇಡಿಕೊಂಡಳು:

“ನಮ್ಮವ್ವ ಗುಂಡವ್ವಗ ದಣಿವಾರಲಿ. ಆಕಿ ಜೀವ ತಣ್ಣಗಿರಲಿ. ಎಲ್ಲಿದ್ದರೂ ಆಕಿಗೆ ಶಾಂತಿ ಸಿಗಲಿ.”