ಬಿಡು ಅನ್ನುವ ತನಕ

ಕಿವಿಯ ಹಿಂದೆ ಪಿಸ್ತೂಲಿನ ಮೂತಿ ತಣ್ಣಗೆ ತಾಗಿದಾಗ ನನ್ನ ಬಲಗಾಲು ಬ್ರೇಕ್ ಪೆಡಲ್ ಮೇಲಿತ್ತು.

ತೆಗೆಯುವಂತಿರಲಿಲ್ಲ!

"ಇಳಿ ಕೆಳಗೆ," ಎಂದಿತು ಕಿಟಕಿಯಾಚೆಯ ದನಿ.

"ಆಗಲ್ಲ ಸಾರ್."

"ಯಾಕೆ?"

"ಅಕ್ಕ ಇನ್ನೂ ಬಿಡು ಅಂದಿಲ್ಲ."

ನಗಬೇಡಿ. ನಮ್ಮ ಅಕ್ಕನನ್ನು ನೀವು ನೋಡಿಲ್ಲ. ಕಾರಿನಡಿಯ ಗುಂಡಿಯಲ್ಲಿ ನಿಂತಿದ್ದಳು. ಗ್ಯಾರೇಜು ಆಕೆಯದೇ. ಕೆಟ್ಟವರ ಬೆನ್ನು ಹತ್ತುವುದು ನನ್ನ ಕಸುಬು. ಎರಡು ಸಲ ಚಾಕು ತಿಂದ ಮೈ ಇದು. ಆದರೆ ಆ ತಗಡಿನ ಚಾವಣಿಯ ಕೆಳಗೆ ನಾನು ಬರೀ ಒಂದು ಕಾಲು. ಆಕೆ ಒತ್ತು ಅಂದರೆ ಒತ್ತಬೇಕು, ಹಿಡಿ ಅಂದರೆ ಹಿಡಿಯಬೇಕು.

"ಯಾರೋ ಅದು ಮೇಲೆ?" ಗುಂಡಿಯಿಂದ ಕೂಗಿದಳು.

"ಡಾಕ್ಟರಮ್ಮನ ಮೈದುನ, ಅಕ್ಕಾ… ಪಿಸ್ತೂಲ್ ಹಿಡ್ಕೊಂಡಿದಾನೆ!"

ಕೆಳಗೆ ಸ್ಪ್ಯಾನರ್ ಕಿರ್ರೆಂದಿತು.

"ಹ್ಞೂಂ, ಈಗ ಬಿಡು."

ಬಿಟ್ಟೆ.

ಕತೆ ಇಷ್ಟೇ. ಹೋದ ವಾರ ಇಳಿಜಾರಿನಲ್ಲಿ ಡಾಕ್ಟರಮ್ಮನ ಬ್ರೇಕ್ ಹಿಡಿಯಲಿಲ್ಲ. ಹಳೆಯ ಕಾಲದ ಕಾರು. ನಾಲ್ಕು ಚಕ್ರಕ್ಕೂ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್ ಒಂದೇ, ಎಲ್ಲಿ ಸೋರಿದರೂ ನಾಲ್ಕೂ ಹೋದವು. ಹುಲ್ಲಿನ ಬಣವೆಯೊಂದು ಅಡ್ಡ ಸಿಕ್ಕಿದ್ದರಿಂದ ತೋಳು ಮುರಿದು ಜೀವ ಉಳಿಯಿತು. ನನ್ನನ್ನು ಕರೆಸಿದರು. ನಾನು ಕಾರನ್ನು ಅಕ್ಕನ ಹತ್ತಿರ ತಂದೆ. ಅಕ್ಕ ಬ್ರೇಕಿನ ಉಕ್ಕಿನ ಪೈಪಿನ ಮೇಲೆ ಬೆರಳಾಡಿಸಿದಳು, ಎಮ್ಮೆಯ ಕೆಚ್ಚಲು ಸವರಿದ ಹಾಗೆ.

"ತುಕ್ಕು ತಿಂದಿದ್ದಲ್ಲ ಕಣೋ. ಗರಗಸ ತಿಂದಿದ್ದು."

ಅರ್ಧ ಕೊಯ್ದು ಬಿಟ್ಟಿದ್ದರು. ಪಕ್ಕದ ಚಾಸಿಸ್ ಮೇಲೂ ಬ್ಲೇಡಿನ ಗೀರು. ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬಂದು ಎರಡನ್ನೂ ನೋಡುವುದೆಂದಾಗಿತ್ತು. ಅಷ್ಟರಲ್ಲಿ ಅಕ್ಕ ಹಳೆಯ ಪೈಪುಗಳನ್ನೆಲ್ಲ ಕಿತ್ತು, ಕ್ಲಚ್ಚಿಗೂ ಬ್ರೇಕಿಗೂ ಹೊಸ ಹೋಸ್ ಪೈಪು ಹಾಕಿದ್ದಳು. ಮೈಮೇಲೆಲ್ಲ ಉಕ್ಕಿನ ಎಳೆಯನ್ನು ಜಡೆಯ ಹಾಗೆ ಹೆಣೆದದ್ದು. ಒತ್ತಡಕ್ಕೆ ಉಬ್ಬುವುದಿಲ್ಲ. ಪೆಡಲ್ ಕಲ್ಲಿನಂತೆ ನಿಲ್ಲುತ್ತದೆ… ಒಳಗಿನ ಗಾಳಿಯನ್ನೆಲ್ಲ ತೆಗೆದರೆ! ಕ್ಲಚ್ ಮುಗಿದಿತ್ತು. ಬ್ರೇಕಿನ ಗಾಳಿ ಬಾಕಿ ಇತ್ತು.

ಆಗ ಬಂದ, ಮೈದುನ. ಅಣ್ಣ ಸತ್ತ ಮೇಲೆ ಅತ್ತಿಗೆಯ ಆಸ್ಪತ್ರೆಯ ಮೇಲೆ ಕಣ್ಣಿಟ್ಟವನು. ಬಿಳಿ ಶೂ, ಇಸ್ತ್ರಿ ಮಾಡಿದ ಅಂಗಿ.

"ಕೊಯ್ದ ಪೈಪ್ ಎಲ್ಲಿ?"

"ಹಿಂದಿನ ಸೀಟಲ್ಲಿ," ಅಂದೆ. "ಪೇಪರ್ ಸುತ್ತಿದೆ."

"ಕಾರೂ ಬೇಕು. ಎರಡನ್ನೂ ಕೆರೆಗೆ ಹಾಕ್ತೀನಿ. ಬ್ರೇಕ್ ಇದೆಯಾ?"

ನೋಡಿ, ಬ್ರೇಕಿನ ಬೆಲೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

"ಇಲ್ಲ ಕಣಪ್ಪ," ಅಂದಳು ಅಕ್ಕ. "ಇನ್ನೂ ಗಾಳಿ ತೆಗೀಬೇಕು. ಮೇಲೊಬ್ಬರು, ಕೆಳಗೊಬ್ಬರು ಬೇಕು."

"ನೀನು ಗುಂಡಿಗಿಳಿ," ಎಂದು ಪಿಸ್ತೂಲಿನಿಂದ ನನ್ನನ್ನು ನೂಕಿದ. "ಪೆಡಲ್ ನಾನೇ ಒತ್ತುತೀನಿ. ಬೇಗ ಮುಗಿಸಿ!"

ಇಳಿದೆ. ಅಕ್ಕ ಚಕ್ರದ ಒಳಬದಿಯಲ್ಲಿ ಗಾಳಿ ಹೊರಬಿಡುವ ನಿಪ್ಪಲ್ಲಿಗೆ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಬಿಟ್ಟಿದ್ದಳು.

"ನೋಡಪ್ಪಾ, ನಾನು ಒತ್ತು ಅಂದ್ರೆ ಒತ್ತಬೇಕು. ಬಿಡು ಅನ್ನೋ ತನಕ ಬಿಡಬಾರದು. ಬಿಟ್ರೆ ಗಾಳಿ ಒಳಗೆ ಹೋಗುತ್ತೆ."

"ಗೊತ್ತು, ಗೊತ್ತು!"

"ಒತ್ತು…"

ಒತ್ತಿದ. ಆಯಿಲ್ ಚಿಮ್ಮಿತು. ಅಕ್ಕ ಸ್ಪ್ಯಾನರ್ ತಿರುಗಿಸಿ ನಿಪ್ಪಲ್ ಮುಚ್ಚುವಷ್ಟರಲ್ಲಿ ಮೇಲಿನ ಕಾಲು ಎದ್ದೇಬಿಟ್ಟಿತು. ಬಾಟಲಿಯಲ್ಲಿದ್ದ ಕೊಳವೆ ಗೊರಕ್ಕೆಂದು ಗಾಳಿ ಕುಡಿಯಿತು.

"ಬಿಟ್ಯಲ್ಲಪ್ಪ!"

"ಮುಂದಕ್ಕೆ ಹೋಗು!"

ಮತ್ತೆ ಒತ್ತಿದ. ಮತ್ತೆ ಬೇಗ ಬಿಟ್ಟ. ಹತ್ತು ಸಲ… ಹನ್ನೆರಡು ಸಲ! ಆತುರಗಾರನಿಗೆ ಎಮ್ಮೆಯೂ ಹಾಲು ಕೊಡುವುದಿಲ್ಲ, ಕಾರೂ ಬ್ರೇಕ್ ಕೊಡುವುದಿಲ್ಲ.

"ಇದೇನು ಪೆಡಲ್ ಇಷ್ಟು ಮೆತ್ತಗಿದೆ?" ಮೇಲಿನಿಂದ ಅನುಮಾನದ ದನಿ.

ಈಗ ಅಕ್ಕ ಏನಾದರೂ ಒಂದು ಸುಳ್ಳು ಹೇಳಬೇಕು!

"ಗಾಳಿ ತುಂಬಿದೆ," ಎಂದಳು ಅಕ್ಕ, ನಿಪ್ಪಲ್ ಬಿಗಿ ಮಾಡುತ್ತ. "ಹೀಗೇ ಓಡಿಸಬೇಡ, ನಿಲ್ಲಲ್ಲ. ಮೊದಲಿಂದ ಶುರು ಮಾಡೋಣ. ಅರ್ಧ ಗಂಟೆ."

"ಅರ್ಧ ಗಂಟೆ? ಪೊಲೀಸು ಬರೋ ತನಕ ನನ್ನನ್ನ ಕೂರಿಸೋ ಆಟಾನಾ?"

"ನಿಜ ಹೇಳ್ತಿದೀನಿ ಕಣಪ್ಪ."

"ಹೊಸ ಹೋಸು, ಹೊಸ ಆಯಿಲ್… ನನಗೇ ಹೇಳಿಕೊಡ್ತೀಯಾ?"

"ಹೇಳೋದು ಹೇಳಿದೀನಿ. ನಿಲ್ಲಲ್ಲ."

ಎಂಜಿನ್ ಗುಡುಗಿತು. ಕ್ಲಚ್ ಬೆಣ್ಣೆಯ ಹಾಗೆ ನಯವಾಗಿ ಕಚ್ಚಿಕೊಂಡಿತು. ಅದರ ಗಾಳಿ ತೆಗೆಯುವಾಗ ಪೆಡಲ್ ಮೇಲಿದ್ದದ್ದು ನನ್ನ ಕಾಲು ಸ್ವಾಮಿ! ನಮ್ಮ ತಲೆಯ ಮೇಲಿಂದ ಕಾರು ಭರ್ರನೆ ಹೊರಟಿತು. ನಾನು ಗುಂಡಿಯಿಂದ ಚಂಗನೆ ನೆಗೆದೆ.

ಅಂಗಳ ದಾಟಿದರೆ ಎಡಕ್ಕೆ ಗೇಟು. ಎದುರಿಗೆ ಹಳೆಯ ಟೈರುಗಳ ಗುಡ್ಡ. ಗೇಟಿನ ಹತ್ತಿರ ಯಾರಾದರೂ ಬ್ರೇಕ್ ಒತ್ತಲೇಬೇಕು.

ಒತ್ತಿದ.

ಒತ್ತಿದ, ಒತ್ತಿದ, ಒತ್ತುತ್ತಲೇ ಇದ್ದ! ಹ್ಯಾಂಡ್ ಬ್ರೇಕ್ ಅನ್ನುವುದೊಂದಿದೆ ಎಂಬುದು ಅವನಿಗೆ ನೆನಪಾಗಲೇ ಇಲ್ಲ.

ಧಡ್!

ಟೈರುಗಳು ಉರುಳಿದವು. ಬಾಗಿಲು ತೆರೆದು ಬಿದ್ದ, ಎದ್ದ, ಓಡಿದ. ಪಿಸ್ತೂಲು ಇನ್ನೂ ಕೈಯಲ್ಲೇ!

ತಿರುಗಿ ಗುರಿ ಇಟ್ಟ. ನಾನು ಕಾಲಿಗೆ ಸಿಕ್ಕಿದ ಟೈರೊಂದನ್ನು ಎತ್ತಿ ಉರುಳಿಸಿದೆ. ಮೊಣಕಾಲಿಗೆ ಬಡಿಯಿತು. ಗುಂಡು ಚಾವಣಿಯ ತಗಡಿಗೆ ತಗುಲಿ ಠಣ್ಣೆಂದಿತು. ಮರುಕ್ಷಣ ನಾನು ಅವನ ಬೆನ್ನ ಮೇಲಿದ್ದೆ.

"ಅವಳು… ಅವಳು ಬ್ರೇಕ್ ಹಾಳು ಮಾಡಿದ್ಲು!" ಮಣ್ಣು ಕಚ್ಚಿಕೊಂಡೇ ಕೂಗಿದ.

"ಮೂರು ಸಲ ಹೇಳಿದ್ಲಲ್ಲಪ್ಪ."

"ನಿಜ ಅಂತ ಯಾರಿಗೆ ಗೊತ್ತು!"

ಇನ್ಸ್‌ಪೆಕ್ಟರ್ ನಾಲ್ಕಕ್ಕೆ ಸರಿಯಾಗಿ ಬಂದರು. ಪೈಪು, ಗೀರು, ಪಿಸ್ತೂಲು, ಮೈದುನ… ಎಲ್ಲ ಒಂದೇ ಗಾಡಿಯಲ್ಲಿ ಹೋಗುವಂತಿರಲಿಲ್ಲ. ಗೀರು ಬಿದ್ದ ಕಾರಿನ ಫೋಟೊ ತೆಗೆದುಕೊಂಡು ಉಳಿದದ್ದನ್ನು ಒಯ್ದರು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಕಾರು ಯಾವಾಗ ಸಿಗುತ್ತಪ್ಪ? ಪೇಷೆಂಟುಗಳು ಕಾಯ್ತಿದಾರೆ," ಎಂದರು.

ಅಂಗಿಯ ಧೂಳು ಕೊಡವಿ, ಸಿಗರೇಟು ಹಚ್ಚಬೇಕು… ಇಂಥ ಹೊತ್ತಿನಲ್ಲಿ ನನ್ನಂಥವರು ಮಾಡುವುದು ಅದನ್ನೇ. ಕಡ್ಡಿ ಗೀರುವಷ್ಟರಲ್ಲಿ ಅಕ್ಕಪಕ್ಕದವರಿಂದ ಕಾರನ್ನು ಮತ್ತೆ ಗುಂಡಿಯ ಮೇಲೆ ನೂಕಿಸಿ ಅಕ್ಕ ಕೆಳಗಿಳಿದಿದ್ದಳು.

"ಎಲ್ಲಿ ಸತ್ತ್ಯೋ? ಹತ್ತು ಮೇಲೆ. ಮೊದಲಿಂದ. ಒತ್ತು!"

ಕಡ್ಡಿ ಎಸೆದು ಹತ್ತಿದೆ. ಒತ್ತಿದೆ.

ಸ್ವಾಮಿ, ಪಿಸ್ತೂಲು ಹಿಡಿದವನ ಮಾತು ಮೀರಿ ಬದುಕಿದವರುಂಟು… ಸ್ಪ್ಯಾನರ್ ಹಿಡಿದವಳ ಮಾತು ಮೀರಿದವನು ಈಗಷ್ಟೇ ಜೀಪು ಹತ್ತಿ ಹೋದ!